ಸ್ಟೇನ್ ಜಾರಿಗೆ ಕೈಹಾಕುವ ಮೊದಲು

ಹಿಸ್ಟೊಪೆಥಾಲಜಿ ಲ್ಯಾಬಿಗೆ ಹೊಸದಾಗಿ ಸೇರಿದ್ದೀಯ, ತಂಗಿ. ಸ್ಲೈಡು ಮಂಕಾಗಿ ಬಂದರೆ ಎಲ್ಲರ ಕೈ ಮೊದಲು ಹೋಗುವುದು ಹೆಮಟಾಕ್ಸಿಲಿನ್ ಜಾರಿಗೆ. ಎರಡು ನಿಮಿಷ ಹೆಚ್ಚು ಇಡೋಣ, ಹೊಸ ಸ್ಟೇನ್ ಸುರಿಯೋಣ ಅನ್ನುತ್ತಾರೆ. ನೀನು ಹಾಗೆ ಮಾಡಬೇಡ. ತಪ್ಪು ಎಲ್ಲಿಂದ ಶುರುವಾಯಿತು ಅಂತ ಹಿಂದಕ್ಕೆ ಹುಡುಕುತ್ತ ಹೋಗು. ಎಷ್ಟೋ ಸಲ ಅದು ಆಪರೇಷನ್ ಥಿಯೇಟರಿನ ಬಾಗಿಲಲ್ಲೇ ಸಿಗುತ್ತದೆ.

ಫಾರ್ಮಾಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಹೆಚ್ಚೆಂದರೆ 1 ಮಿ.ಮೀ.ನಷ್ಟು. ಒಳಕ್ಕೆ ಹೋದಂತೆ ಇನ್ನೂ ನಿಧಾನ. ಇಡೀ ಗರ್ಭಕೋಶವನ್ನು ಕೊಯ್ಯದೆ ಸಣ್ಣ ಡಬ್ಬಿಗೆ ತುರುಕಿ ಕಳಿಸಿದರೆ ಅಂಚು ಗಟ್ಟಿಯಾಗಿರುತ್ತದೆ, ನಡುಭಾಗ ಕೆಡುತ್ತಿರುತ್ತದೆ. ಕೆಟ್ಟ ಕೋಶದ ನ್ಯೂಕ್ಲಿಯಸ್ಸನ್ನು ಯಾವ ಸ್ಟೇನೂ ಸ್ಪಷ್ಟವಾಗಿ ತೋರಿಸಲಾರದು. ಅಂಗಾಂಶದ 10ರಿಂದ 20 ಪಟ್ಟು ಫಾರ್ಮಾಲಿನ್ ಇರಲಿ, ಅದೂ ಬಫರ್ ಹಾಕಿದ 10%ನದ್ದೇ ಇರಲಿ. ಬಫರ್ ಇಲ್ಲದ್ದು ದಿನ ಕಳೆದಂತೆ ಆಮ್ಲವಾಗಿ, ರಕ್ತ ಹೆಚ್ಚಿರುವ ಕಡೆ ಕಂದುಗಪ್ಪು ಕಣಗಳನ್ನು ಬಿಡುತ್ತದೆ. ನೋಡುವವರು ಅದನ್ನು ಮಲೇರಿಯಾದ ಪಿಗ್ಮೆಂಟ್ ಅಂದುಕೊಳ್ಳುವ ಅಪಾಯವೂ ಉಂಟು. ಸ್ತನದ ಗಡ್ಡೆಯಾದರೆ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಗಾಗಿ ಫಾರ್ಮಾಲಿನ್‌ನಲ್ಲಿ ಇಡುವ ಸಮಯ 6 ಗಂಟೆಗಿಂತ ಕಡಿಮೆಯೂ ಆಗಬಾರದು, 72 ಗಂಟೆ ಮೀರಲೂಬಾರದು. ಇದನ್ನೆಲ್ಲ ಥಿಯೇಟರಿಗೆ ಫೋನ್ ಮಾಡಿ ಹೇಳುವುದಕ್ಕೆ ಹೊಸಬಳು ಅಂತ ಸಂಕೋಚಪಡಬೇಡ.

ಆಮೇಲೆ ಮೈಕ್ರೋಟೋಮ್. ಇವತ್ತು 4 ಮೈಕ್ರಾನ್, ನಾಳೆ 6 ಮೈಕ್ರಾನ್ ಕತ್ತರಿಸಿದರೆ ಅದೇ ಜಾರಿನಿಂದ ಎರಡು ಬಣ್ಣ ಬರುತ್ತವೆ. ಬಯ್ಗುಳ ಮಾತ್ರ ಸ್ಟೇನಿಗೆ.

ಈಗ ಬಣ್ಣದ ವಿಷಯ. ಹೆಮಟಾಕ್ಸಿಲಿನ್ ಬರುವುದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯ ಒಂದು ಮರದ ತಿರುಳಿನಿಂದ. ಅದು ಆಕ್ಸಿಡೈಸ್ ಆಗಿ ಹೆಮಟೀನ್ ಆದಾಗಲೇ ಬಣ್ಣ. ಆಗಲೂ ಒಂಟಿಯಾಗಿ ನ್ಯೂಕ್ಲಿಯಸ್ಸನ್ನು ಹಿಡಿಯಲಾರದು. ಬಟ್ಟೆಗೆ ಬಣ್ಣ ಕಚ್ಚಿಸಲು ಬಣ್ಣಗಾರರು ಪಟಿಕ ಬಳಸುವಂತೆ ಇಲ್ಲಿಯೂ ಪಟಿಕ ಬೇಕು. ಹ್ಯಾರಿಸ್ ಹೆಮಟಾಕ್ಸಿಲಿನ್ ಆದರೆ ಬೆಳಗ್ಗೆ ಮೇಲೆ ಲೋಹದ ಹೊಳಪಿನ ಕೆನೆ ಕಟ್ಟಿರುತ್ತದೆ, ಶೋಧಿಸಿಯೇ ಬಳಸು. ಆಸಿಡ್ ಆಲ್ಕೋಹಾಲಿನಲ್ಲಿ ಅದ್ದುವುದು ಕೆಲವೇ ಸೆಕೆಂಡು. ಅಲ್ಲಿ ಫೋನಿಗೆ ಉತ್ತರ ಕೊಡುತ್ತ ನಿಂತರೆ ಬಣ್ಣವೆಲ್ಲ ಹೋಗಿರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾದ ವಸ್ತು ನಲ್ಲಿ ನೀರು. ಆಮ್ಲದಿಂದ ಹೊರಬಂದ ನ್ಯೂಕ್ಲಿಯಸ್ ಕೆಂಪುಕೆಂಪಾಗಿರುತ್ತದೆ, ಕ್ಷಾರದ ನೀರು ತಾಗಿದ ಮೇಲೆಯೇ ನೀಲಿಯಾಗುವುದು. ನಮ್ಮ ಕಡೆ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಇದು ಸಾಮಾನ್ಯವಾಗಿ ತಾನಾಗಿಯೇ ಆಗುತ್ತದೆ, ಆದ್ದರಿಂದ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಟ್ಯಾಂಕರ್ ನೀರು ಬಂದಾಗ, ಆರ್‌ಓ ಕೂರಿಸಿದಾಗ, ಅಷ್ಟೇ ನಿಮಿಷ ತೊಳೆದರೂ ಸ್ಲೈಡು ಕೆಂಪುಮಿಶ್ರಿತವಾಗಿ ಉಳಿಯುತ್ತದೆ. ಆಗ ಹೆಮಟಾಕ್ಸಿಲಿನ್ ಬದಲಿಸಿ ಫಲವಿಲ್ಲ. ಲೀಟರ್ ನೀರಿಗೆ 3.5 ಗ್ರಾಂ ಸೋಡಿಯಂ ಬೈಕಾರ್ಬೊನೇಟ್, 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿದ ಸ್ಕಾಟ್ಸ್ ದ್ರಾವಣವನ್ನೇ ಕಾಯಂ ಮಾಡಿಕೋ. ಮೋಟಾರ್ ಯಾವ ನೀರು ಎತ್ತಿದರೂ ನಿನ್ನ ನೀಲಿ ಬದಲಾಗುವುದಿಲ್ಲ. ಆದರೆ ನೀಲಿ ಬಂದ ಮೇಲೆ ಚೆನ್ನಾಗಿ ತೊಳೆ. ಇಯೋಸಿನ್ನಿಗೆ ಪಿಎಚ್ 5ರ ಆಸುಪಾಸು ಬೇಕು. ಕ್ಷಾರ ಹೊತ್ತುಕೊಂಡು ಹೋದರೆ ಅದು ಪೇಲವವಾಗುತ್ತದೆ. ಸರಿಯಾದ ಇಯೋಸಿನ್ನಿನಲ್ಲಿ ಕೆಂಪು ರಕ್ತಕಣ, ಸ್ನಾಯು, ಕೊಲಾಜನ್ ಮೂರೂ ಬೇರೆ ಬೇರೆ ಗುಲಾಬಿಯಾಗಿ ಕಾಣಬೇಕು. ಎಲ್ಲ ಒಂದೇ ಗುಲಾಬಿಯಾದರೆ ಡಾಕ್ಟರಿಗೆ ಅರ್ಧ ಮಾಹಿತಿ ಹೋದಂತೆಯೇ.

ಕೊನೆಯ ಝೈಲೀನ್ ಹಾಲಿನಂತಾದರೆ ಸ್ಲೈಡಿನಲ್ಲಿ ನೀರು ಉಳಿದಿದೆ ಅಂತ ಅರ್ಥ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಲ್ಯಾಬುಗಳಲ್ಲಿ ಮುಚ್ಚಳ ತೆರೆದಿಟ್ಟ ಆಬ್ಸಲ್ಯೂಟ್ ಆಲ್ಕೋಹಾಲ್ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಸ್ಲೈಡುಗಳನ್ನು ಹೊಸ ಆಲ್ಕೋಹಾಲಿಗೆ ಹಿಂದಿರುಗಿಸು. ಹಳೆಯದರ ಮೇಲೆ ಸ್ವಲ್ಪ ಹೊಸದು ಸುರಿದು ಜಾರ್ ತುಂಬಿಸುವ ಅಭ್ಯಾಸ ಬೇಡವೇ ಬೇಡ.

ದಿನವೂ ಬೆಳಗ್ಗೆ ಕೇಸುಗಳಿಗಿಂತ ಮೊದಲು ಒಂದು ಅಪೆಂಡಿಕ್ಸ್ ಸೆಕ್ಷನ್ ಸ್ಟೇನ್ ಮಾಡಿ ಮೈಕ್ರೋಸ್ಕೋಪಿನಡಿ ನೋಡು. ಲಿಂಫೋಸೈಟ್, ಗ್ರಂಥಿ, ಸ್ನಾಯು ಎಲ್ಲವೂ ಅದರಲ್ಲಿದೆ. ನಿನ್ನೆಯ ಸ್ಲೈಡಿನ ಪಕ್ಕ ಇಟ್ಟು ಹೋಲಿಸು. ಯಾವ ಜಾರ್ ಯಾವತ್ತು ಬದಲಾಯಿತು, ಎಷ್ಟು ಸ್ಲೈಡು ಅದರಲ್ಲಿ ಹೋದವು ಅಂತ ಪುಸ್ತಕದಲ್ಲಿ ಬರೆ. ಡಾಕ್ಟರ ಕಣ್ಣು ನಿಮ್ಮ ಲ್ಯಾಬಿನ ನೀಲಿಗೆ ಹೊಂದಿಕೊಂಡಿರುತ್ತದೆ. ಒಂದು ದಿನ ಕಡುನೀಲಿ ಬಂದರೆ ಸಾಧಾರಣ ನ್ಯೂಕ್ಲಿಯಸ್ಸೂ ಸಂಶಯ ಹುಟ್ಟಿಸುತ್ತದೆ.

ಚೆನ್ನಾಗಿಲ್ಲ ಅಂತ ನಿನಗೇ ಅನಿಸಿದ ಸ್ಲೈಡನ್ನು ಟ್ರೇಗೆ ಇಡಬೇಡ, ಬ್ಲಾಕ್ ಇದೆ, ಮತ್ತೆ ಕತ್ತರಿಸು. ಎಂಡೋಸ್ಕೋಪಿಯ ಚೂರಾದರೆ ಮಾತ್ರ ಮೊದಲು ಡಾಕ್ಟರನ್ನು ಕೇಳು. ಅದರಲ್ಲಿ ಉಳಿದಿರುವುದು ಕಡಿಮೆ. ಕವರ್‌ಸ್ಲಿಪ್ ಬಿಡಿಸಿ ಅದೇ ಸೆಕ್ಷನ್ನನ್ನು ಮತ್ತೆ ಸ್ಟೇನ್ ಮಾಡುವುದೇ ಮೇಲು.