ಅಪಘಾತದ ಖರ್ಚು ಯಾರ ತಲೆಗೆ? ದಿಂಬಂ ಘಾಟಿ ಕಲಿಸುವ ಪಾಠ



ತಾಳವಾಡಿ ಸೀಮೆಯ ಕಬ್ಬು ಸತ್ಯಮಂಗಲದ ಬಯಲಿಗೆ ಇಳಿಯುವುದು ದಿಂಬಂ ಘಾಟಿಯ ಮೂಲಕ. ದಿಂಬಂನಿಂದ ಬಣ್ಣಾರಿಯ ಕಡೆಗೆ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳಿವೆ. ಸುತ್ತಲೂ ಇರುವುದು ೨೦೧೩ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಕಾಡು. ಮಿತಿಮೀರಿ ಹೇರಿದ ಒಂದೇ ಒಂದು ಲಾರಿ ತಿರುವಿನಲ್ಲಿ ಮಗುಚಿತೆಂದರೆ ಮೇಲಿನ ವಾಹನ ಮೇಲೆ, ಕೆಳಗಿನ ವಾಹನ ಕೆಳಗೆ ನಿಲ್ಲುತ್ತದೆ. ಹೆರಿಗೆಗೆ ಹೊರಟವರ ಆಂಬುಲೆನ್ಸ್ ಕೂಡ ಅದೇ ಸಾಲಿನಲ್ಲಿ ಕಾಯಬೇಕು. ಚೆಲ್ಲಿದ ಕಬ್ಬಿಗೆ ಆನೆಗಳು ಬರುತ್ತವೆ. ಆಗ ಪೊಲೀಸರು ಬೇಕು, ಅರಣ್ಯ ಸಿಬ್ಬಂದಿ ಬೇಕು, ಕ್ರೇನು ಬೇಕು, ಕಬ್ಬು ಎತ್ತಿಹಾಕಲು ಆಳುಗಳು ಬೇಕು. ಇವರೆಲ್ಲರ ಖರ್ಚನ್ನು ಯಾರು ಕೊಡಬೇಕು? ಈ ಪಾಠದ ಪ್ರಶ್ನೆ ಇದೇ.

ಲಾಭ ಯಾರದೋ ಹೊಣೆಯೂ ಅವರದೇ

"ಮಾಡಿದ್ದುಣ್ಣೋ ಮಹರಾಯ" ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಕಾನೂನು ಹೇಳುವುದೂ ಬಹುಮಟ್ಟಿಗೆ ಅದನ್ನೇ.

ಮೊದಲು ರಸ್ತೆಯ ಮಾತು. ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅನುಮತಿಸಿದ ತೂಕ ಮೀರಿದರೆ ೨೦,೦೦೦ ರೂಪಾಯಿ ದಂಡ. ಹೆಚ್ಚುವರಿ ಟನ್ ಒಂದಕ್ಕೆ ಮತ್ತೆ ೨,೦೦೦ ರೂಪಾಯಿ. ಹೆಚ್ಚಿನ ಹೊರೆಯನ್ನು ಇಳಿಸುವ ಖರ್ಚು ಬೇರೆ. ಈ ಹೊಣೆ ಚಾಲಕನಿಗೆ ಮಾತ್ರವಲ್ಲ, ಹಾಗೆ ಓಡಿಸಲು ಬಿಟ್ಟವರಿಗೂ ಉಂಟು. ಕೆಟ್ಟು ನಿಂತ ವಾಹನವನ್ನು ಸರ್ಕಾರದ ಅಧಿಕೃತ ಏಜೆನ್ಸಿ ತೆರವು ಮಾಡಿದರೆ, ಆ ಖರ್ಚನ್ನು ವಾಹನದ ಮಾಲೀಕನಿಂದ ಅಥವಾ ಅದರ ಹೊಣೆ ಹೊತ್ತವನಿಂದ ವಸೂಲು ಮಾಡತಕ್ಕದ್ದು.

ಇನ್ನು ಕಾರ್ಖಾನೆಯ ಮಾತು. ಕಬ್ಬು ಚೆಲ್ಲಿದರೆ ಎತ್ತಿ ತುಂಬಬಹುದು, ಕಾಕಂಬಿ ಚೆಲ್ಲಿದರೆ ಹಾಗಲ್ಲ. ಅದು ಹಳ್ಳಕ್ಕೆ ಸೇರಿತೆಂದರೆ ಅದರ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ೨೦೧೮ರ ಮೇ ತಿಂಗಳಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಕಾಕಂಬಿ ಹರಿದು ಬಿಯಾಸ್ ನದಿ ಸೇರಿದಾಗ ಹೀಗೆಯೇ ಆಯಿತು. ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಲಿ ಆ ಕಾರ್ಖಾನೆಗೆ ೫ ಕೋಟಿ ರೂಪಾಯಿ ದಂಡ ವಿಧಿಸಿತು.

ದಂಡ ಬೇರೆ, ಖರ್ಚು ಬೇರೆ

ದಂಡ ಕಟ್ಟಿದರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಭೋಪಾಲದ ದುರಂತ ನಡೆದದ್ದು ೧೯೮೪ರಲ್ಲಿ. ಅದಾದ ಮೇಲೆ ೧೯೮೬ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಅದರ ೯ನೇ ಕಲಮು ನಾವು ಗಮನಿಸಬೇಕಾದದ್ದು. ಅಪಘಾತದಿಂದ ಮಿತಿಮೀರಿದ ಮಾಲಿನ್ಯ ಹೊರಬಿದ್ದರೆ ಅಥವಾ ಬೀಳುವ ಸಂಭವವಿದ್ದರೆ, ಆ ಸ್ಥಳದ ಹೊಣೆ ಹೊತ್ತವರು ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕು, ತಡೆಯಬೇಕು, ಎಲ್ಲ ನೆರವನ್ನೂ ಕೊಡಬೇಕು. ಅಧಿಕಾರಿಗಳು ಪರಿಹಾರ ಕಾರ್ಯಕ್ಕೆ ಮಾಡಿದ ಖರ್ಚನ್ನು ಬಡ್ಡಿಯ ಸಹಿತ, ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಕಂದಾಯದ ಬಾಕಿ ಎಂದರೆ ಏನೆಂದು ರೈತರಿಗೆ ಬೇರೆ ಹೇಳಬೇಕಾಗಿಲ್ಲ.

೨೦೧೦ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯೂ ಇದೆ. ಸಂತ್ರಸ್ತರ ನೆರವಿಗೆ ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಮಾಡಿದ ವೆಚ್ಚವನ್ನೂ, ಬೆಳೆ ನಷ್ಟವನ್ನೂ ಪರಿಹಾರದ ಪಟ್ಟಿಯಲ್ಲಿ ಅದು ಸೇರಿಸಿದೆ. ಅಪಘಾತವಾದಲ್ಲಿ ತಪ್ಪು ಇಲ್ಲವೆಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ. ೨೦೨೦ರ ಮೇ ೭ರಂದು ವಿಶಾಖಪಟ್ಟಣದ ಎಲ್‌.ಜಿ. ಪಾಲಿಮರ್ಸ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಮರುದಿನವೇ ಆ ಮಂಡಳಿ ೫೦ ಕೋಟಿ ರೂಪಾಯಿಯನ್ನು ಮುಂಗಡವಾಗಿ ಜಿಲ್ಲಾಡಳಿತದಲ್ಲಿ ಇಡುವಂತೆ ಆದೇಶಿಸಿತು.

ವಿಮೆ ಇದೆಯಲ್ಲ ಎನ್ನುವಿರಾ? ಅಪಾಯಕಾರಿ ವಸ್ತುಗಳನ್ನು ಇಟ್ಟುಕೊಳ್ಳುವವರಿಗೆ ೧೯೯೧ರ ಸಾರ್ವಜನಿಕ ಹೊಣೆ ವಿಮಾ ಕಾಯಿದೆ ವಿಮೆಯನ್ನು ಕಡ್ಡಾಯ ಮಾಡಿದೆ. ಆದರೆ ಅದು ಮುಖ್ಯವಾಗಿ ಸತ್ತವರ, ಗಾಯಗೊಂಡವರ, ಆಸ್ತಿ ಕಳೆದುಕೊಂಡವರ ತುರ್ತು ಪರಿಹಾರಕ್ಕೆ. ಪಂಚಾಯಿತಿಯ ಟ್ಯಾಂಕರ್ ಬಾಡಿಗೆ ಅದರಿಂದ ತಾನಾಗಿ ಬರುವುದಿಲ್ಲ.

ಎರಡೂ ಕಡೆ ನಾವೇ

ಖಾಸಗಿ ಕಾರ್ಖಾನೆಯಾದರೆ ಮಾಲೀಕ ಕೊಡಲಿ ಎಂದು ನಾವು ಸುಮ್ಮನಿರಬಹುದು. ಸಹಕಾರಿ ಕಾರ್ಖಾನೆಯ ಮಾಲೀಕರು ಯಾರು? ಷೇರು ಹಾಕಿದ ನಾವು ನೀವೇ. ಕಾರ್ಖಾನೆ ಕಟ್ಟುವ ಪ್ರತಿ ರೂಪಾಯಿಯೂ ನಾವು ಬೆಳೆದ ಕಬ್ಬಿನಿಂದ ಬಂದದ್ದು. ಹಾಗೆಯೇ ಹಾಳಾಗುವ ಹಳ್ಳವೂ ನಮ್ಮದು, ಪಂಚಾಯಿತಿಯ ಬೊಕ್ಕಸವೂ ನಮ್ಮದು. ಖರ್ಚು ಕೊಡುವ ಕೈಯೂ ಕೇಳುವ ಕೈಯೂ ನಮ್ಮದೇ ಆದುದರಿಂದ, ಅಪಘಾತ ಆಗದಂತೆ ನೋಡಿಕೊಳ್ಳುವುದೇ ನಮಗೆ ಅಗ್ಗದ ಹಾದಿ.

ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಭೋಪಾಲವೇ ಪಾಠ. ೧೯೮೯ರಲ್ಲಿ ೪೭ ಕೋಟಿ ಡಾಲರಿಗೆ ರಾಜಿ ಆಯಿತು. ಅದು ಸಾಲದೆಂದು ಕೇಂದ್ರ ಸರ್ಕಾರ ಮತ್ತೆ ೭,೮೪೪ ಕೋಟಿ ರೂಪಾಯಿ ಕೇಳಿತು. ೨೦೨೩ರ ಮಾರ್ಚ್ ೧೪ರಂದು ಸುಪ್ರೀಂ ಕೋರ್ಟು ಆ ಬೇಡಿಕೆಯನ್ನು ತಳ್ಳಿಹಾಕಿತು. ದೊಡ್ಡ ಸರ್ಕಾರದ ಗತಿಯೇ ಹೀಗಾದರೆ, ಚೀಟಿ ರಸೀದಿ ಇಲ್ಲದ ಪಂಚಾಯಿತಿಯ ಗತಿ ಏನು?

ಸದಸ್ಯರು ನೆನಪಿಡತಕ್ಕ ಅಂಶಗಳು

೧. ಗದ್ದೆಯಲ್ಲಿಯೇ ಹೊರೆಯನ್ನು ಮಿತಿಯಲ್ಲಿಡಿ, ಹಗ್ಗವನ್ನು ಬಿಗಿಯಾಗಿ ಕಟ್ಟಿಸಿ. "ಇನ್ನೆರಡು ಕಟ್ಟು ಹಾಕು" ಎಂದು ಲಾರಿಯವನನ್ನು ಒತ್ತಾಯಿಸಬೇಡಿ.

೨. ದಿಂಬಂ ದಾರಿಯಲ್ಲಿ ೨೦೨೨ರ ಫೆಬ್ರವರಿ ೧೦ರಿಂದ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಚೆಕ್‌ಪೋಸ್ಟಿನ ನಿಯಮವನ್ನು ತಿಳಿದುಕೊಂಡೇ ಕಟಾವಿನ ಹೊತ್ತು ಗೊತ್ತುಮಾಡಿ. ದಾರಿಯಲ್ಲಿ ಆನೆಗೆ ಕಬ್ಬು ಎಸೆಯುವುದನ್ನು ತಡೆಯಿರಿ.

೩. ಸರ್ವಸದಸ್ಯರ ಸಭೆಯಲ್ಲಿ ಕಬ್ಬಿನ ದರವನ್ನಷ್ಟೇ ಕೇಳಬೇಡಿ. ಕಾಕಂಬಿ ಟ್ಯಾಂಕಿಯ ಸುತ್ತ ಕಟ್ಟೆ ಇದೆಯೇ, ವಿಮೆ ಯಾವುದಕ್ಕೆ ಎಷ್ಟು ಇದೆ, ಅಪಘಾತವಾದರೆ ಮೊದಲು ಯಾರಿಗೆ ತಿಳಿಸುತ್ತೀರಿ ಎಂದೂ ಕೇಳಿ.

೪. ಅಪಘಾತವಾದಾಗ ಜೀವ ಮೊದಲು, ಲೆಕ್ಕ ಆಮೇಲೆ. ೧೧೨ಕ್ಕೆ ಕೂಡಲೇ ಫೋನು ಮಾಡಿ. ಆದರೆ ಅದೇ ದಿನ ಪಂಚಾಯಿತಿಯಲ್ಲಿ ಬಂದವರ ಹೆಸರು, ಗಂಟೆ, ಕ್ರೇನು ಮತ್ತು ಟ್ಯಾಂಕರಿನ ರಸೀದಿ, ಕೂಲಿ, ಫೋಟೋ, ಪಂಚನಾಮೆ ಎಲ್ಲವನ್ನೂ ದಾಖಲು ಮಾಡಿಸಿ. ಹಸಿರು ನ್ಯಾಯಮಂಡಳಿಗೆ ಪರಿಹಾರದ ಅರ್ಜಿ ಹಾಕಲು ಐದು ವರ್ಷದ ಗಡುವು ಉಂಟು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ. ಈ ಹಂಗಾಮಿನ ಮೊದಲ ಲಾರಿ ಹೊರಡುವ ಮುನ್ನವೇ ತಮ್ಮ ಮನೆಯ ಮಕ್ಕಳಿಗೂ, ಕಟಾವಿನ ಗ್ಯಾಂಗಿನವರಿಗೂ ಇದನ್ನು ಓದಿ ಹೇಳಬೇಕೆಂದು ವಿನಂತಿ.