ಬೆಕ್ಕಿಗೂ ಒಂದು ಆರ್‌ಡಿ ಇರಲಿ

ಗುಂಡ್ಯಾನ ಆಸ್ಪತ್ರೆ ಬಿಲ್ 19,000 ರೂಪಾಯಿ ಆಯಿತು. ಧಾರವಾಡದ ಮಾಳಮಡ್ಡಿಯ ಪರಿಚಯದವರ ಹಿತ್ತಲಿನಿಂದ ಪುಕ್ಕಟೆ ಬಂದ ಗಂಡು ಬೆಕ್ಕು ಅವನು. ಹೀಗಾಗಿ ಸುದ್ದಿ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ‘ಬೆಕ್ಕಿಗೆ ಇಷ್ಟ್ ರೊಕ್ಕ ಹಾಕ್ತಾರೇನ್ರೀ? ಇನ್ನೊಂದ್ ಮರಿ ತಂದ್ರ ಆತು!’ ವರ್ಷಗಟ್ಟಲೆ ನಮ್ಮ ಹಾಸಿಗೆಯ ತುದಿಯಲ್ಲೇ ಮಲಗಿದವನ ಬಗ್ಗೆ ಈ ಮಾತು ಮನೆಯಲ್ಲಿ ಯಾರಿಗೂ ಒಪ್ಪಿಗೆಯಾಗಲಿಲ್ಲ. ಹಾಗೆಂದು ಪ್ರೀತಿಯ ಹೆಸರಲ್ಲಿ ಲೆಕ್ಕ ಬಿಡುವುದು ಹಣಕಾಸು ಅಂಕಣ ಬರೆಯುವವನಿಗೆ ಶೋಭಿಸದು. ಬಿಲ್ಲನ್ನೇ ಬಿಡಿಸಿ ನೋಡೋಣ.

ರೋಗ ಮೂತ್ರ ಕಟ್ಟಿದ್ದು. ಗಂಡು ಬೆಕ್ಕಿನ ಮೂತ್ರನಾಳ ತೀರ ಸಪೂರ. ಹರಳಿನ ಪುಡಿಯೋ ಲೋಳೆಯೋ ಸಿಕ್ಕಿಕೊಂಡರೆ ಒಂದು ಹನಿಯೂ ಹೊರಬರುವುದಿಲ್ಲ. ಬೆಕ್ಕು ಮರಳಿನ ಟ್ರೇಗೆ ಮತ್ತೆ ಮತ್ತೆ ಹೋಗಿ ಕೂತು ತಿಣುಕುತ್ತದೆ, ನೋವಿನಿಂದ ಕೂಗುತ್ತದೆ. ಅನೇಕರು ಇದನ್ನು ಮಲಬದ್ಧತೆ ಎಂದುಕೊಂಡು ಎಣ್ಣೆ, ತುಪ್ಪ ನೆಕ್ಕಿಸುತ್ತ ದಿನ ದೂಡುತ್ತಾರೆ. ಅಷ್ಟರಲ್ಲಿ ಮೂತ್ರಪಿಂಡ ಸೋತು ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಒಂದೆರಡು ದಿನದಲ್ಲಿ ಹೃದಯವೇ ನಿಲ್ಲಬಹುದು. ನೋವಿಗೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಟ್ಟೀರಿ, ಜೋಕೆ: ಒಂದು ಮಾತ್ರೆ ಸಾಕು, ಬೆಕ್ಕಿನ ಜೀವ ಹೋಗಬಹುದು.

ಹುಬ್ಬಳ್ಳಿಯ ಖಾಸಗಿ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗಿಗೆ 3,200, ಅರಿವಳಿಕೆ ಕೊಟ್ಟು ಕ್ಯಾಥೆಟರ್ ಹಾಕಿದ್ದಕ್ಕೆ 5,500, ಡ್ರಿಪ್, ಇಂಜೆಕ್ಷನ್ ಮತ್ತು ಅಲ್ಲೇ ಇರಿಸಿಕೊಂಡಿದ್ದಕ್ಕೆ 7,300, ಔಷಧಿ ಹಾಗೂ ವಿಶೇಷ ಆಹಾರಕ್ಕೆ 3,000. ಇವುಗಳಲ್ಲಿ ಮೂರನೆಯ ಬಾಬತ್ತು ಹಿಗ್ಗುವುದು ತಡದಿಂದ. ಮೂತ್ರಪಿಂಡ ಹೆಚ್ಚು ಸೋತಷ್ಟೂ ಹೆಚ್ಚು ದಿನ ಡ್ರಿಪ್ ಬೇಕು. ಮರುದಿನ ನೋಡೋಣ ಎನ್ನದೆ ಆ ರಾತ್ರಿಯೇ ಆಟೊ ಹತ್ತಿದ್ದು ನಮ್ಮ ದೊಡ್ಡ ಉಳಿತಾಯ.

ದಾಖಲು ಮಾಡುವ ಮೊದಲು ವೈದ್ಯರನ್ನು ನೇರವಾಗಿ ಕೇಳಿದೆವು: ಇವತ್ತೇ ಮಾಡಬೇಕಾದ್ದು ಯಾವುದು, ತಡೆಯಬಹುದಾದ್ದು ಯಾವುದು? ಉಳಿಯುವ ಭರವಸೆ ಎಷ್ಟು? ಮತ್ತೆ ಕಟ್ಟಿದರೆ ಮುಂದೇನು? ಅವರು ಬೇಸರಿಸದೆ ಕನಿಷ್ಠ, ಗರಿಷ್ಠ ಎರಡೂ ಅಂದಾಜು ಬರೆದುಕೊಟ್ಟರು. ಈ ತೊಂದರೆ ಮರುಕಳಿಸುವುದು ಸಾಮಾನ್ಯ, ಪದೇ ಪದೇ ಕಟ್ಟಿದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂದರು. ಅಲ್ಲಿಯೇ, ಬೆಂಚಿನ ಮೇಲೆ ಕೂತು, ಗಂಡ ಹೆಂಡತಿ ನಮ್ಮ ಮಿತಿ 40,000 ಎಂದು ನಿಶ್ಚಯಿಸಿದೆವು. ಮಿತಿ ಹಾಕುವುದು ಕಟುಕತನವಲ್ಲ. ಮಗಳ ಫೀಸು, ಅವ್ವನ ಔಷಧಿಯೂ ಅದೇ ಪಗಾರದಿಂದ ಹೋಗಬೇಕು.

ಇನ್ನು ರೊಕ್ಕ ಎಲ್ಲಿಂದ? ಕೈಯಲ್ಲಿ ಕ್ರೆಡಿಟ್ ಕಾರ್ಡ್ ಇತ್ತು. ಆದರೆ ಬಾಕಿ ಉಳಿದರೆ ತಿಂಗಳಿಗೆ ಶೇ 3.5ರಷ್ಟು ಬಡ್ಡಿ; 19,000ಕ್ಕೆ ಒಂದೇ ತಿಂಗಳಿಗೆ 665 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನಾವು ಬ್ಯಾಂಕಿನ ಎಫ್‌ಡಿ ಮುರಿಯದೆ ಅದರ ಮೇಲೆ ಸಾಲ ತೆಗೆದೆವು. ಅದಕ್ಕೆ ಎಫ್‌ಡಿ ದರಕ್ಕಿಂತ ಶೇ 1ರಿಂದ 2 ಹೆಚ್ಚು ಬಡ್ಡಿ, ಅಷ್ಟೇ. ಆರು ತಿಂಗಳಲ್ಲಿ ತೀರಿಸಿದರೂ ಒಟ್ಟು ಬಡ್ಡಿ 500 ದಾಟಲಿಲ್ಲ. ಕಾರ್ಡು ಒಂದು ತಿಂಗಳಲ್ಲಿ ತಿನ್ನುವುದಕ್ಕಿಂತ ಕಡಿಮೆ! ಎಫ್‌ಡಿ ಇಲ್ಲದವರಿಗೆ ಬಂಗಾರದ ಸಾಲವೂ ಕಾರ್ಡಿಗಿಂತ ಎಷ್ಟೋ ಅಗ್ಗ.

ತೆರಿಗೆಯಲ್ಲಿ ಏನಾದರೂ ಉಳಿದೀತೇ? ಇಲ್ಲ. ಆರೋಗ್ಯ ವಿಮೆ, ಚಿಕಿತ್ಸೆಯ ಖರ್ಚಿಗೆ ಸಿಗುವ ತೆರಿಗೆ ಕಡಿತ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿಗೆ ಮಾತ್ರ. ಪಶುವೈದ್ಯರ ಸೇವೆಗೆ ಜಿಎಸ್‌ಟಿ ಇಲ್ಲ, ಪ್ಯಾಕೆಟ್ಟಿನ ಬೆಕ್ಕಿನ ಆಹಾರಕ್ಕೆ ಶೇ 18 ಇದೆ; ಬಿಲ್ಲಿನಲ್ಲಿ ಎರಡೂ ಬೇರೆ ಬೇರೆ ನಮೂದಾಗಿವೆಯೇ ನೋಡಿಕೊಳ್ಳಿ. ಸಾಕುಪ್ರಾಣಿಗಳ ವಿಮೆಯೂ ಈಗ ಸಿಗುತ್ತದೆ. ಆದರೆ ವಯಸ್ಸಿನ ಮಿತಿ, ಕಾಯುವ ಅವಧಿ ಇರುತ್ತವೆ. ಮೊದಲೇ ಇದ್ದ ಕಾಯಿಲೆಗೆ ಪರಿಹಾರ ಸಿಗುವುದಿಲ್ಲ. ಒಮ್ಮೆ ಮೂತ್ರ ಕಟ್ಟಿದ ಬೆಕ್ಕಿಗೆ ಆಮೇಲೆ ಪಾಲಿಸಿ ಮಾಡಿಸಿದರೆ ಅದೇ ರೋಗಕ್ಕೆ ಅದು ಬಾರದು. ವಿಮೆ ಬೇಕೆಂದರೆ ಮರಿಯಿದ್ದಾಗಲೇ ನೋಡಬೇಕು.

ಸರಕಾರಿ ಪಶು ಆಸ್ಪತ್ರೆಯನ್ನು ಕಡೆಗಣಿಸಬೇಡಿ. ಹಗಲಿನ ತಪಾಸಣೆಗೆ ಅಲ್ಲಿ ಖರ್ಚು ತೀರ ಕಡಿಮೆ. ತುರ್ತಿಲ್ಲದ ಕ್ಲಿಷ್ಟ ಪ್ರಕರಣವಾದರೆ ಪಕ್ಕದ ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. 1962 ಸಹಾಯವಾಣಿಯ ಸಂಚಾರಿ ವಾಹನ ಮುಖ್ಯವಾಗಿ ದನಕರುಗಳಿಗೆ. ನಡುರಾತ್ರಿಯ ಬೆಕ್ಕಿಗೆ ಅದನ್ನೇ ನೆಚ್ಚಿ ಕೂರಬಾರದು. ಖರ್ಚಿಗೆ ಹೆದರಿ ಬೆಕ್ಕನ್ನು ಮಾರ್ಕೆಟ್ಟಿನಲ್ಲಿ ಬಿಟ್ಟು ಬರುವವರೂ ಇದ್ದಾರೆ. ಉಪವಾಸ ಬೀಳುವಂತೆ ಸಾಕುಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಚಿಕಿತ್ಸೆ ನಿಜಕ್ಕೂ ಕೈಮೀರಿದರೆ ವೈದ್ಯರ ಮುಂದೆ ಹಾಗೆಂದು ಹೇಳಿ. ನೋವಿಲ್ಲದ ದಯಾಮರಣ ಬೀದಿಯ ಸಾವಿಗಿಂತ ಮೇಲು.

ಗುಂಡ್ಯಾ ಈಗ ಒಣ ಕಾಳು ಬಿಟ್ಟು ಹಸಿ ಆಹಾರ ತಿನ್ನುತ್ತಾನೆ. ಮನೆಯ ಮೂಲೆಮೂಲೆಗೂ ಅವನ ನೀರಿನ ಬಟ್ಟಲು. ತಿಂಗಳಿಗೆ 500 ರೂಪಾಯಿಯ ಬ್ಯಾಂಕ್ ಆರ್‌ಡಿಯೂ ಅವನ ಹೆಸರಿನಲ್ಲಿ ನಡೆದಿದೆ. ಮೂರು ವರ್ಷಕ್ಕೆ ಅಸಲೇ 18,000, ಬಡ್ಡಿ ಸೇರಿದರೆ ಇಂಥ ಒಂದು ಬಿಲ್ಲಿಗೆ ಸಾಕು. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ನಡುವೆ ಮುಚ್ಚಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಹಾಗಾಗಿ ಈ ಕೆಲಸಕ್ಕೆ ಬ್ಯಾಂಕೇ ಅನುಕೂಲ.

ನಿಮ್ಮ ಮನೆಯಲ್ಲೂ ಬೆಕ್ಕಿದ್ದರೆ ಈ ವಾರ ಎರಡು ಕೆಲಸ ಮುಗಿಸಿ: ರಾತ್ರಿಯೂ ನೋಡುವ ಪಶುವೈದ್ಯರ ನಂಬರ್ ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಅದರ ಹೆಸರಿನಲ್ಲೊಂದು ಆರ್‌ಡಿ ತೆರೆಯಿರಿ.