ದತ್ತು ಬಂದ ನಾಯಿ ಮನೆಯೊಳಗೆ ಗಲೀಜು ಮಾಡಿದರೆ

'ಡಾಕ್ಟ್ರೇ, ಈ ನಾಯೀನ ವಾಪಸು ಕೊಟ್ಟುಬಿಡೋಣ ಅಂತಿದೀವಿ.'

ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು ಹೀಗೆಂದಾಗ ನಾಯಿ ಅವರ ಮನೆಗೆ ಬಂದು ಆರು ದಿನವಷ್ಟೇ ಆಗಿತ್ತು. ನಾಲ್ಕು ವರ್ಷದ ಹೆಣ್ಣು ನಾಯಿ, ಸಾಧು ಸ್ವಭಾವ. ಕಚ್ಚುವುದಿಲ್ಲ, ಬೊಗಳುವುದೂ ಕಡಿಮೆ. ದಿನಕ್ಕೆ ಮೂರು ಸಲ ಅದನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದರು. ಅರ್ಧ ಗಂಟೆ ಹುಲ್ಲಿನ ಮೇಲೆ ಅಡ್ಡಾಡಿ, ಒಂದು ಹನಿಯನ್ನೂ ಬಿಡದೆ ಒಳಗೆ ಬಂದು, ಬಚ್ಚಲುಮನೆಯ ಮುಂದಿನ ನೆಲದ ಮೇಲೆ ಎಲ್ಲವನ್ನೂ ಮುಗಿಸುತ್ತಿತ್ತು. 'ಇದು ಹಟ ಅಲ್ಲದೆ ಇನ್ನೇನು?' ಎಂಬುದು ಮೇಷ್ಟ್ರ ಪತ್ನಿಯ ಪ್ರಶ್ನೆ.

ಹಟವಲ್ಲ. ವಿಚಾರಿಸಿದಾಗ ಸಂಗತಿ ತಿಳಿಯಿತು. ಮರಿ ಹಾಕಿಸಿ ಮಾರುವವರ ಬಳಿ, ಸಿಮೆಂಟ್ ನೆಲದ ಗೂಡಿನಲ್ಲಿ ಆ ನಾಯಿ ಹುಟ್ಟಿ ಬೆಳೆದಿತ್ತು. ಹುಲ್ಲಿನ ಮೇಲೆ ಕಾಲಿಟ್ಟದ್ದೇ ಈಗ. ನಾಯಿ ಮಲಮೂತ್ರಕ್ಕೆ ಜಾಗ ಆರಿಸುವುದು ಪಾದಕ್ಕೆ ತಾಗುವ ನೆಲ ಮತ್ತು ಮೂಗಿಗೆ ಬಡಿಯುವ ವಾಸನೆಯನ್ನು ಅನುಸರಿಸಿ. ಈ ಅಭ್ಯಾಸ ಮರಿಯ ಮೊದಲ ಎರಡು ಮೂರು ತಿಂಗಳಲ್ಲೇ ಬೇರೂರತೊಡಗುತ್ತದೆ. ಬೀದಿಯಲ್ಲಿ ಬೆಳೆದದ್ದಕ್ಕೆ ಮಣ್ಣು, ಮರಳು ರೂಢಿ. ಗೂಡಿನಲ್ಲಿ ಬೆಳೆದದ್ದಕ್ಕೆ ಗಟ್ಟಿ ನೆಲ ರೂಢಿ. ಮೇಷ್ಟ್ರ ಮನೆಯ ನುಣ್ಣನೆಯ ನೆಲ ಅದರ ಲೆಕ್ಕದಲ್ಲಿ ಶೌಚಾಲಯವೇ. ನನ್ನ ಅನುಭವದಲ್ಲಿ, ಬೀದಿಯಿಂದ ತಂದ ನಾಡು ನಾಯಿಗಳು ಈ ಪಾಠವನ್ನು ಬೇಗ ಕಲಿಯುತ್ತವೆ. ಸಾವಿರಾರು ರೂಪಾಯಿಯ ಜಾತಿ ನಾಯಿಗಳೇ ಹೆಚ್ಚು ಸತಾಯಿಸುವುದು.

ಹಿತ್ತಲ ಮೂಲೆಯಲ್ಲಿ ಹಳೆಯ ಸಿಮೆಂಟ್ ಚಪ್ಪಡಿಯೊಂದನ್ನು ಹಾಕಲು ಹೇಳಿದೆ. ಒಳಗೆ ಮೂತ್ರ ಒರೆಸಿದ ಬಟ್ಟೆಯನ್ನು ಅದಕ್ಕೆ ಉಜ್ಜಿಟ್ಟರು. ಮೂರನೆಯ ದಿನ ನಾಯಿ ಚಪ್ಪಡಿಯ ಮೇಲೆ ಕುಳಿತಿತು. ಅಲ್ಲಿಂದ ಮುಂದೆ ದಿನಕ್ಕೊಂದು ಹಿಡಿ ಮಣ್ಣನ್ನು ಚಪ್ಪಡಿಯ ಮೇಲೆ ಉದುರಿಸುತ್ತ ಬಂದರು. ಐದು ವಾರದ ಹೊತ್ತಿಗೆ ಚಪ್ಪಡಿ ಕಾಣದಷ್ಟು ಮಣ್ಣು ತುಂಬಿತ್ತು. ನಾಯಿ ಮಣ್ಣಿಗೆ ಒಗ್ಗಿಕೊಂಡಿತ್ತು. ವಾಪಸು ಕೊಡುವ ಮಾತು ಮತ್ತೆ ಬರಲಿಲ್ಲ.

ಮರಿಯಂತೆ ಕಾಣಿರಿ

ದೊಡ್ಡ ನಾಯಿಯನ್ನು ತರುವವರು ಮಾಡುವ ಮುಖ್ಯ ತಪ್ಪೆಂದರೆ, ಅದಕ್ಕೆ ಎಲ್ಲವೂ ಗೊತ್ತಿದೆ ಎಂದುಕೊಳ್ಳುವುದು. ಹಿಂದಿನ ಮನೆಯಲ್ಲಿ ಕಲಿತಿದ್ದರೂ ಅದು ಆ ಮನೆಯ ಪಾಠ. ನಿಮ್ಮ ಮನೆಯ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬುದು ಅದಕ್ಕೆ ತಿಳಿಯದು. ಮೊದಲ ಎರಡು ಮೂರು ವಾರ ಅದನ್ನು ಮರಿಯೆಂದೇ ಭಾವಿಸಿ ನಡೆದುಕೊಳ್ಳಿ. ಒಂದು ಅನುಕೂಲವಂತೂ ಇದೆ. ಮರಿಗೆ ಮೂತ್ರ ತಡೆಯುವ ಶಕ್ತಿ ಇರುವುದಿಲ್ಲ. ಆರೋಗ್ಯವಾಗಿರುವ ದೊಡ್ಡ ನಾಯಿ ಆರರಿಂದ ಎಂಟು ಗಂಟೆ ತಡೆಯಬಲ್ಲದು.

ಬೆಳಿಗ್ಗೆ ಎದ್ದ ಕೂಡಲೇ, ನಿಮ್ಮ ಕಾಫಿಗಿಂತ ಮೊದಲು, ಅದನ್ನು ಹೊರಗೆ ಕರೆದೊಯ್ಯಿರಿ. ಊಟವಾದ 15-30 ನಿಮಿಷದಲ್ಲಿ ಮತ್ತೊಮ್ಮೆ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ದೇಹಧರ್ಮ, ನಮ್ಮಲ್ಲೂ ಹಾಗೆಯೇ. ಹಗಲು ನಿದ್ದೆಯಿಂದ ಎದ್ದಾಗ, ಆಟವಾದ ಮೇಲೆ, ರಾತ್ರಿ ಮಲಗುವ ಮುನ್ನ ಕೂಡ ಹೊರಗೆ ಹೋಗಬೇಕು. ಊಟ ದಿನಕ್ಕೆ ಎರಡೇ ಹೊತ್ತು, ಗೊತ್ತಾದ ವೇಳೆಯಲ್ಲಿ. ತಟ್ಟೆಯಲ್ಲಿ ಇಡೀ ದಿನ ಅನ್ನ ಬಿದ್ದಿದ್ದರೆ ಹೊರಗೆ ಹೋಗುವ ಹೊತ್ತೂ ಗೊತ್ತಾಗುವುದಿಲ್ಲ. ನೀರನ್ನು ಮಾತ್ರ ಎಂದಿಗೂ ಕಡಿಮೆ ಮಾಡಬೇಡಿ.

ಬಾಗಿಲು ತೆರೆದು ನಾಯಿಯೊಂದನ್ನೇ ಹೊರಗೆ ಬಿಟ್ಟರೆ ಪ್ರಯೋಜನವಿಲ್ಲ. ನೀವೂ ಹೋಗಬೇಕು, ಕೊರಳ ಹಗ್ಗ ಕೈಯಲ್ಲಿರಬೇಕು, ದಿನವೂ ಅದೇ ಜಾಗದಲ್ಲಿ ನಿಲ್ಲಬೇಕು. 'ಸೂಸು ಮಾಡು' ಎಂದೋ ಇನ್ನೇನೋ, ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸಿರಿ. ಕೆಲಸ ಮುಗಿದ ಎರಡು ಮೂರು ಸೆಕೆಂಡಿನೊಳಗೆ ಹೊಗಳಿ, ಒಂದು ಚೂರು ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಬಂದದ್ದಕ್ಕೆ ಬಹುಮಾನ ಎಂದೇ ಅದು ತಿಳಿಯುತ್ತದೆ. ಇನ್ನೊಂದು ಸೂಕ್ಷ್ಮ: ಮೂತ್ರ ಮಾಡಿದೊಡನೆ ಮನೆಗೆ ಎಳೆದು ತರಬೇಡಿ. ಮಾಡಿ ಮುಗಿಸಿದರೆ ತಿರುಗಾಟ ಮುಗಿಯುತ್ತದೆ ಎಂದು ಅರಿತ ಜಾಣ ನಾಯಿ ತಡೆದುಕೊಳ್ಳುವುದನ್ನೇ ಕಲಿಯುತ್ತದೆ. ಮೊದಲು ಕೆಲಸ, ಆಮೇಲೆ ಹತ್ತು ನಿಮಿಷ ಸುತ್ತಾಟ.

ಮನೆಯೊಳಗಿದ್ದಾಗ ಕಣ್ಣಳತೆಯಲ್ಲೇ ಇರಲಿ. ಅಡುಗೆ ಮಾಡುವಾಗ ಹಗ್ಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರೂ ಇದ್ದಾರೆ. ನೆಲ ಮೂಸುತ್ತ ಸುತ್ತು ಹಾಕುವುದು, ಮಂದಿಯನ್ನು ಬಿಟ್ಟು ಇನ್ನೊಂದು ಕೋಣೆಗೆ ಜಾರುವುದು ಮುನ್ಸೂಚನೆ. ಯಾರೂ ನೋಡಿಕೊಳ್ಳಲು ಆಗದ ಹೊತ್ತಿನಲ್ಲಿ ಅದರ ಹಾಸಿಗೆಯಿರುವ ಚಿಕ್ಕ ಕೋಣೆಯಲ್ಲಿ ಬಿಡಿ. ಮಲಗುವ ಜಾಗವನ್ನು ಹೊಲಸು ಮಾಡಲು ಹೆಚ್ಚಿನ ನಾಯಿಗಳು ಒಪ್ಪುವುದಿಲ್ಲ. ಆದರೆ ವರ್ಷಗಟ್ಟಲೆ ಗೂಡಿನಲ್ಲಿದ್ದ ನಾಯಿ ಆ ಸ್ವಭಾವವನ್ನೇ ಕಳೆದುಕೊಂಡಿರಬಹುದು. ಅಂಥದ್ದಕ್ಕೆ ಇನ್ನಷ್ಟು ಕಾಲಾವಕಾಶ ಬೇಕು.

ಫ್ಲ್ಯಾಟಿನಲ್ಲಿರುವವರು ಲಿಫ್ಟ್ ಇಳಿಯುವ ಸಮಯವನ್ನೂ ಲೆಕ್ಕ ಹಾಕಬೇಕು. ಕೆಲವರು ಒಳಗೇ ಪತ್ರಿಕೆ ಹಾಸುತ್ತಾರೆ. ಈ ಪತ್ರಿಕೆಯನ್ನೇ ಹಾಸಿದರೂ ನನಗೆ ಬೇಸರವಿಲ್ಲ. ಆದರೆ ಹೊರಗೆ ಹೋಗಲು ಅನುಕೂಲವಿರುವ ನಾಯಿಗೆ ಅದು ಎರಡು ಪಾಠ ಕಲಿಸಿದಂತೆ. ಮಲೆನಾಡಿನ ಮಳೆಗಾಲದಲ್ಲಿ ಸಮಸ್ಯೆ ಬೇರೆ. ಅಂಗಳಕ್ಕೆ ಇಳಿಯಲು ಒಲ್ಲದ ನಾಯಿಗೆ ಸೂರಿನ ಕೆಳಗೆ ಒಂದಿಷ್ಟು ಮಣ್ಣಿನ ಜಾಗ ಮಾಡಿಕೊಡಿ, ಕೊಡೆ ಹಿಡಿದು ಜೊತೆಗೆ ನಿಲ್ಲಿ.

ಹೊಸ ನಾಯಿಯ ಮೇಲಿನ ಮಮತೆಯಿಂದ ಬಟ್ಟಲು ತುಂಬ ಹಾಲು ಹಾಕುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಅನೇಕ ದೊಡ್ಡ ನಾಯಿಗಳಲ್ಲಿ ಕುಗ್ಗಿರುತ್ತದೆ. ಪರಿಣಾಮ, ಮಧ್ಯರಾತ್ರಿ ಭೇದಿ. ಬೈಗುಳ ನಾಯಿಗೆ. ಮೊದಲ ವಾರ ಹಿಂದೆ ತಿನ್ನುತ್ತಿದ್ದ ಆಹಾರವನ್ನೇ ಕೊಟ್ಟು, ಆಮೇಲೆ ನಿಧಾನವಾಗಿ ಬದಲಿಸಿರಿ.

ಹೊಡೆದರೆ ಕಲಿಯುವುದೇನು?

ಮೂತ್ರಕ್ಕೆ ಮೂತಿ ಒತ್ತಿ ಏಟು ಕೊಡುವ ಪದ್ಧತಿ ಇನ್ನೂ ಹೋಗಿಲ್ಲ. ಒಂದು ಗಂಟೆಯ ಹಿಂದೆ ಮಾಡಿದ್ದಕ್ಕೂ ಈಗ ಬೀಳುವ ಏಟಿಗೂ ನಾಯಿ ಸಂಬಂಧ ಕಲ್ಪಿಸಲಾರದು. ನಿಮ್ಮೆದುರು ಮೂತ್ರ ಮಾಡುವುದೇ ಅಪಾಯ ಎಂದಷ್ಟೇ ಕಲಿಯುತ್ತದೆ. ಆಮೇಲೆ ಹೊರಗೆ ನೀವು ಹಗ್ಗ ಹಿಡಿದು ನಿಂತಾಗ ಮಾಡದು. ಒಳಗೆ ಮಂಚದ ಕೆಳಗೆ, ಸೋಫಾದ ಹಿಂದೆ ಮಾಡುತ್ತದೆ.

'ತಪ್ಪು ಮಾಡಿದ್ದು ಗೊತ್ತು, ಮುಖ ನೋಡಿದರೇ ತಿಳಿಯುತ್ತೆ' ಎನ್ನುವವರಿದ್ದಾರೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ತಿನ್ನಬೇಡ ಎಂದ ತಿಂಡಿಯನ್ನು ತಿಂದ ನಾಯಿಯೂ, ತಿನ್ನದ ನಾಯಿಯೂ ಒಡೆಯ ಗದರಿಸಿದಾಗ ಅದೇ ತಪ್ಪಿತಸ್ಥ ಮುಖವನ್ನು ಮಾಡಿದವು. ಅದು ಪಶ್ಚಾತ್ತಾಪವಲ್ಲ, ನಿಮ್ಮ ಸಿಟ್ಟಿಗೆ ಅದು ತೋರುವ ಪ್ರತಿಕ್ರಿಯೆ. ಮಾಡುತ್ತಿರುವಾಗಲೇ ಕಂಡರೆ ಮೆಲ್ಲನೆ ಚಪ್ಪಾಳೆ ತಟ್ಟಿ ಗಮನ ಸೆಳೆದು ಹೊರಗೆ ಕರೆದೊಯ್ಯಿರಿ. ಆಮೇಲೆ ಕಂಡರೆ ಬಟ್ಟೆ ತಂದು ಒರೆಸಿ, ಅಷ್ಟೆ.

ಎಲ್ಲ ಗಲೀಜೂ ಒಂದೇ ಬಗೆಯದಲ್ಲ. ಯಾರಾದರೂ ಬಾಗಿ ಮುಟ್ಟಲು ಹೋದಾಗ ಮುದುಡಿಕೊಂಡು ಹನಿಸುವ ನಾಯಿ ಹೆದರಿದೆ, ಗದರಿಸಿದಷ್ಟೂ ಹೆಚ್ಚುತ್ತದೆ. ಒಬ್ಬಂಟಿಯಾಗಿ ಬಿಟ್ಟಾಗ ಮಾತ್ರ ಮಾಡಿದರೆ, ಬಾಗಿಲು ಕೆರೆದರೆ, ಅದು ಅಗಲಿಕೆಯ ಆತಂಕ. ಗಂಡು ನಾಯಿ ಕುರ್ಚಿಯ ಕಾಲು, ಬಾಗಿಲ ಚೌಕಟ್ಟು, ಕೊನೆಗೆ ತುಳಸಿಕಟ್ಟೆಗೂ ಕಾಲೆತ್ತಿ ಸ್ವಲ್ಪಸ್ವಲ್ಪವೇ ಸಿಂಪಡಿಸಿದರೆ ಅದು ಗುರುತು ಹಾಕುವ ಕ್ರಿಯೆ. ತುಳಸಿಕಟ್ಟೆಗೆ ಹೀಗಾದಾಗ ಮನೆಯ ಹಿರಿಯರಿಗೆ ನೋವಾಗುವುದು ಸಹಜ. ಸುತ್ತ ತಾತ್ಕಾಲಿಕ ಬೇಲಿ ಕಟ್ಟಿ, ಕೆಲವು ವಾರ ಹಗ್ಗವಿಲ್ಲದೆ ಅಂಗಳಕ್ಕೆ ಬಿಡಬೇಡಿ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬಹಳಷ್ಟು ಗಂಡು ನಾಯಿಗಳಲ್ಲಿ ಈ ಚಾಳಿ ತಗ್ಗುತ್ತದೆ, ಎಲ್ಲದರಲ್ಲೂ ಅಲ್ಲ.

ಕಾಯಿಲೆ ಇರಬಹುದೇ?

ಚೆನ್ನಾಗಿ ಕಲಿತಿದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ, ಅಥವಾ ಮೂರು ನಾಲ್ಕು ವಾರ ಶ್ರದ್ಧೆಯಿಂದ ಕಲಿಸಿದರೂ ಸುಧಾರಿಸದಿದ್ದರೆ, ಶಿಸ್ತಿನ ಮಾತು ಬಿಟ್ಟು ಪಶುವೈದ್ಯರ ಬಳಿ ಹೋಗಿ. ಪದೇಪದೇ ಹನಿಹನಿಯಾಗಿ ಮಾಡುವುದು, ತಿಣುಕುವುದು, ರಕ್ತ ಕಾಣುವುದು ಮೂತ್ರಕೋಶದ ಸೋಂಕಿನ ಅಥವಾ ಕಲ್ಲಿನ ಲಕ್ಷಣ. ತಿಣುಕಿದರೂ ಹನಿ ಬೀಳದಿದ್ದರೆ ಅದು ತುರ್ತುಸ್ಥಿತಿ. ಸಂತಾನಹರಣವಾದ ಹೆಣ್ಣು ನಾಯಿ ಮಲಗಿದ್ದಲ್ಲೇ ಒದ್ದೆ ಮಾಡಿದರೆ, ಮೂತ್ರದ್ವಾರದ ಬಿಗಿ ಸಡಿಲಗೊಂಡಿರಬಹುದು, ಇದಕ್ಕೆ ಗುಳಿಗೆಗಳಿವೆ.

ಹೆಚ್ಚು ಕುಡಿದು ಹೆಚ್ಚು ಮೂತ್ರ ಮಾಡುವುದು ಇನ್ನೊಂದು ಬಗೆ. ಆರೋಗ್ಯವಂತ ನಾಯಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 20ರಿಂದ 40 ಮಿ.ಲೀ. ಮೂತ್ರ ಮಾಡುತ್ತದೆ. ಅಳೆಯಲು ಸುಲಭವಾದದ್ದು ನೀರು: ಬೆಳಿಗ್ಗೆ ಅಳೆದು ಹಾಕಿ, ಮರುದಿನ ಉಳಿದದ್ದನ್ನು ಕಳೆಯಿರಿ. ಕಿಲೋಗೆ 100 ಮಿ.ಲೀ. ಮೀರಿದರೆ, ಎಂದರೆ 15 ಕಿಲೋ ತೂಕದ ನಾಯಿ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿದರೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಮುಂತಾದವನ್ನು ಶಂಕಿಸಬೇಕು. ಸಂತಾನಹರಣವಾಗದ ಹೆಣ್ಣು ನಾಯಿ ಬೆದೆಯ ಕೆಲವು ವಾರಗಳ ನಂತರ ಹೀಗೆ ನೀರು ಕುಡಿದು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ಪ್ರಾಣಕ್ಕೇ ಅಪಾಯ, ಆ ದಿನವೇ ತೋರಿಸಿ. ದತ್ತು ಬಂದ ನಾಯಿಯ ಚರ್ಮದ ತುರಿಕೆಗೆ ಸ್ಟೀರಾಯ್ಡ್ ಗುಳಿಗೆ ಕೊಡುತ್ತಿದ್ದರೂ ಮೂತ್ರ ಹೆಚ್ಚುತ್ತದೆ. ಆಗ ಗುಳಿಗೆಯನ್ನು ತಟ್ಟನೆ ನಿಲ್ಲಿಸದೆ ವೈದ್ಯರನ್ನು ಕೇಳಿ.

ಒರೆಸುವುದು ಹೇಗೆ?

ಫಿನಾಯಿಲ್ ನಮ್ಮ ಮೂಗಿಗಷ್ಟೇ ಸಮಾಧಾನ. ಅದರ ಅಡಿಯಲ್ಲಿ ಉಳಿದ ಮೂತ್ರದ ವಾಸನೆ ನಾಯಿಗೆ ಸಿಕ್ಕೇ ಸಿಗುತ್ತದೆ, ಮತ್ತೆ ಅಲ್ಲಿಗೇ ಕರೆಯುತ್ತದೆ. ಮೊದಲು ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರಿನಲ್ಲಿ ತೊಳೆದು, ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣ ಹಾಕಿ ಒಣಗಲು ಬಿಡಿ. ನೀರು ಬೆರೆಸಿದ ವಿನೆಗರ್ ಕೂಡ ಆದೀತು; ಆದರೆ ಅಮೃತಶಿಲೆ, ಮೊಸಾಯಿಕ್ ನೆಲಕ್ಕೆ ಬೇಡ, ಹೊಳಪು ಹೋಗುತ್ತದೆ. ಬ್ಲೀಚನ್ನು ಮೂತ್ರದ ಮೇಲಾಗಲಿ ವಿನೆಗರ್ ಜೊತೆಗಾಗಲಿ ಬಳಸಬಾರದು, ವಿಷಾನಿಲ ಏಳುತ್ತದೆ.

ಮಲವನ್ನು ಆಗಿಂದಾಗಲೇ ಎತ್ತಿರಿ. ಅದರಲ್ಲಿರುವ ದುಂಡುಹುಳುವಿನ ಮೊಟ್ಟೆ ರೋಗ ತರುವಷ್ಟು ಬಲಿಯಲು ವಾರಗಳು ಬೇಕು; ಕೊಕ್ಕೆಹುಳುವಿನ ಮರಿ ಮಾತ್ರ ಕೆಲವೇ ದಿನಗಳಲ್ಲಿ ಮಣ್ಣಿನಲ್ಲಿ ಸಿದ್ಧವಾಗಿ ಮಕ್ಕಳ ಬರಿಗಾಲಿನ ಚರ್ಮವನ್ನು ಹೊಕ್ಕುತ್ತದೆ. ಇಲಿ ಜ್ವರದ ರೋಗಾಣು ಸೋಂಕು ತಗುಲಿದ ನಾಯಿಯ ಮೂತ್ರದಲ್ಲೂ ಬರಬಹುದಾದ್ದರಿಂದ ಕೈಗವಸು ಹಾಕಿ ಒರೆಸಿ, ಸೋಪಿನಿಂದ ಕೈ ತೊಳೆಯಿರಿ. ನಾಯಿ ಬಂದ ಮೊದಲ ವಾರದಲ್ಲೇ ಜಂತುಹುಳುವಿನ ಔಷಧ, ರೇಬೀಸ್ ಮತ್ತು ಇಲಿ ಜ್ವರದ ಲಸಿಕೆಯ ಬಗ್ಗೆ ಪಶುವೈದ್ಯರನ್ನು ಕೇಳಿ.

ಅವರ ಬಳಿ ಹೋಗುವಾಗ ಮೂತ್ರದ ಮಾದರಿಯನ್ನೂ ಒಯ್ದರೆ ಅನುಕೂಲ. ಬೆಳಗಿನ ಮೊದಲ ಮೂತ್ರವೇ ಉತ್ತಮ. ನಾಯಿ ಮಾಡಲು ಆರಂಭಿಸಿದ ಮೇಲೆ ಶುಭ್ರವಾದ ಚಪ್ಪಟೆ ತಟ್ಟೆಯನ್ನು ಹಿಂದಿನಿಂದ ಮೆಲ್ಲನೆ ಒಡ್ಡಿ, ಚಿಕ್ಕ ಸೀಸೆಗೆ ಸುರಿದು ಮುಚ್ಚಿಡಿ. ಒಂದು ಗಂಟೆಯೊಳಗೆ ತಲುಪಿಸಲಾಗದಿದ್ದರೆ ಫ್ರಿಜ್‌ನಲ್ಲಿಡಿ. ಸೀಸೆಯ ಮೇಲೆ ಹೆಸರು, ಹೊತ್ತು ಬರೆದಿರಲಿ, ಮನೆಯವರಿಗೂ ಹೇಳಿರಿ.